ಅಜ್ಜಿ ಸುಮ್ಮನಾದಲ್ಲಿ ಯಂತ್ರ ಮಾತಾಡಿತು

ಕೊಪ್ಪಳ ತಾಲ್ಲೂಕಿನ ಅಳವಂಡಿ ಕಡೆ ಹೈದರಾಬಾದ್ ನಿಜಾಮನ ಪರ ನಿಂತ ಸಶಸ್ತ್ರ ಪಡೆಯವರಾದ ರಜಾಕಾರರ ಹಾವಳಿ ಕಣ್ಣಾರೆ ಕಂಡವರು ಈಗ ಬೆರಳೆಣಿಕೆಯಷ್ಟು. 1948ರಲ್ಲಿ ಹತ್ತು ವರ್ಷದವರಾಗಿದ್ದವರೂ ಎಂಬತ್ತೈದು ದಾಟಿದ್ದಾರೆ. ಬಿಡುವಾದಾಗಲೆಲ್ಲ ಹೋಗಿ ಅವರ ಮಾತು ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಒಂದು ತಾಸಿನ ಮಾತು ಬರೆದಿಳಿಸಲು ಆರು ತಾಸು ಹಿಡಿಯುತ್ತಿತ್ತು. ಅದಕ್ಕೇ ಧ್ವನಿಯನ್ನು ಬರಹ ಮಾಡುವ ಎಐ ತಂತ್ರಾಂಶವೊಂದನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ಇಂಟರ್ನೆಟ್ ಇಲ್ಲದೆ ನಡೆಯುವಂಥದ್ದು. ಅಂಥವರಲ್ಲೊಬ್ಬ ಅಜ್ಜಿಯ ದನಿ ನಮ್ಮೂರು ದಾಟಬಾರದೆಂದು.

ಆ ಅಜ್ಜಿ ರಾತ್ರೋರಾತ್ರಿ ಗಾಡಿ ಕಟ್ಟಿಕೊಂಡು ಮುಂಡರಗಿಗೆ ಹೋದದ್ದನ್ನು ಹೇಳಿದರು. ಮುಂಡರಗಿ ಆಗ ಬಾಂಬೆ ಪ್ರಾಂತ್ಯ, ನಿಜಾಮನ ಗಡಿಯಾಚೆ. ಹೋರಾಟಗಾರರ ಶಿಬಿರವೂ ಅಲ್ಲೇ ಇತ್ತು. "ಗಾಡ್ಯಾಗ ಜ್ವಾಳದ ಚೀಲ, ಅದರ ಮ್ಯಾಲೆ ನಾವು. ಅಕ್ಕ ಹಿಂದ ನಡಕೊಂಡು ಬರ್ತಿದ್ಲು..." ಅಷ್ಟಂದು ಸೆರಗು ಬಾಯಿಗೆ ಹಿಡಿದು ಸುಮ್ಮನಾದರು. ಫ್ಯಾನಿನ ಸದ್ದು, ಹೊರಗೊಂದು ಟ್ರ್ಯಾಕ್ಟರ್. ನಲವತ್ತು ಸೆಕೆಂಡಾದ ಮೇಲೆ, "ಚಾ ಕುಡಿ ತಮ್ಮಾ" ಅಂದರು.

ಆ ನಲವತ್ತು ಸೆಕೆಂಡಿಗೆ ಯಂತ್ರ ಬರೆದದ್ದು: "ಧನ್ಯವಾದಗಳು. ಧನ್ಯವಾದಗಳು."

ಇಂಥ ತಂತ್ರಾಂಶಗಳು ಕಿವಿಗೆ ಬಿದ್ದದ್ದನ್ನಷ್ಟೇ ಬರೆಯುವುದಿಲ್ಲ, ಮುಂದಿನ ಮಾತು ಏನಿರಬಹುದೆಂದು ಊಹಿಸುತ್ತಲೂ ಹೋಗುತ್ತವೆ. ಮಾತೇ ಇಲ್ಲದ ಕಡೆಯೂ ಒಮ್ಮೊಮ್ಮೆ ಊಹೆ ನಿಲ್ಲುವುದಿಲ್ಲ. "ಹ್ವಾದ್ವಿ" ಅಂದದ್ದು "ಹೋದೆವು" ಆಗಿದ್ದರೆ ಕೇಳಿ ತಿದ್ದಬಹುದು. ಈ ಇಲ್ಲದ ಮಾತು ನನ್ನ ಕಣ್ಣಿಗೆ ಬಿದ್ದದ್ದು ಮಾತ್ರ ಅದೃಷ್ಟದಿಂದ, ಅವತ್ತು ನಾನು ಎದುರಿಗಿದ್ದೆನೆಂದು. ಈಗ ಪೂರ್ತಿ ರೆಕಾರ್ಡು ಮತ್ತೊಮ್ಮೆ ಕೇಳುತ್ತೇನೆ, ಅಂಥ ಕಡೆ ಕೈಯಿಂದ ಬರೆಯುತ್ತೇನೆ: ಸುಮ್ಮನಾದರು, 40 ಸೆಕೆಂಡು. ಆರು ತಾಸಿನಲ್ಲಿ ಎರಡು ಉಳಿದರೆ ಹೆಚ್ಚು.

ಒಮ್ಮೆ ಆಸೆಬಿದ್ದು ಆನ್‌ಲೈನ್ ಎಐ ಒಂದಕ್ಕೆ ಬರಹ ಕೊಟ್ಟು ಸಾರಾಂಶ ಕೇಳಿದೆ. ಕೊಡಬಾರದಿತ್ತು, ಅಜ್ಜಿಯನ್ನು ಕೇಳಿಯೂ ಇರಲಿಲ್ಲ. ಅವರು "ರಜಾಕಾರ್ರು" ಅಂದ ಕಡೆಯೆಲ್ಲ ಅದು "ಮುಸ್ಲಿಮರು" ಎಂದು ಬರೆದಿತ್ತು. ಅಜ್ಜಿಯ ಮನೆಯವರನ್ನು ಎರಡು ದಿನ ಹಿತ್ತಲ ಕೋಣೆಯಲ್ಲಿ ಅಡಗಿಸಿಟ್ಟವರು ಪಿಂಜಾರರ ಮನೆಯವರು, ಅವರೂ ಮುಸ್ಲಿಮರೇ. ಸಾರಾಂಶದಲ್ಲಿ ಅವರ ಸುಳಿವೇ ಇಲ್ಲ. ಆ ಸಾರಾಂಶವನ್ನು ನಾನು ಅಳಿಸಿ ಹಾಕಿದೆ.

ಬರೆದದ್ದನ್ನು ಅವರಿಗೇ ಓದಿ ಹೇಳಲು ಶುರುಮಾಡಿದ್ದು ಆಮೇಲೆ. ಒಪ್ಪಿಗೆಗೆ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದವೇನೋ ಮೊದಲಿಂದಲೂ ಇತ್ತು. ರಜಾಕಾರರಿಗೆ ಮನೆ ತೋರಿಸಿಕೊಟ್ಟವನ ಹೆಸರು ಬಂದಾಗ ಅಜ್ಜಿ ಕೈ ಅಡ್ಡ ಮಾಡಿದರು. "ಅದನ್ನ ತಗಿ ತಮ್ಮಾ. ಅವನ ಮೊಮ್ಮಗಂದು ನಮ್ಮ ಹೊಲದ ಮಗ್ಗಲಾಗ ಹೊಲ ಐತಿ, ದಿನಾ ಮಾತಾಡಸ್ತಾನ." ಬರಹದಿಂದಲೂ ಧ್ವನಿಯಿಂದಲೂ ತೆಗೆದೆ.

"ಅಕ್ಕನ ವಿಚಾರ ಏನ್ ಬರೀಲಿ ಯವ್ವಾ?"

"ಹಂಗ ಬಿಡು."