ಬಂದರಿನ ನೀರು, ಸಮುದ್ರದ ಗೆರೆ: ನನ್ನ ಅನುಭವ

ಧಾನ್ಯ, ಅದಿರಿನಂಥ ಸರಕನ್ನು ಮೂಟೆ ಕಟ್ಟದೆ ಸುರಿದು ಸಾಗಿಸುವ ಬಲ್ಕ್ ಕ್ಯಾರಿಯರ್ ಹಡಗುಗಳಲ್ಲಿ ಚೀಫ್ ಆಫೀಸರ್ (ಕ್ಯಾಪ್ಟನ್ ನಂತರದ ಅಧಿಕಾರಿ) ಆಗಿ ಸರಕು ತುಂಬಿಸುವ ಹೊಣೆ ಹೊತ್ತ ವರ್ಷಗಳಲ್ಲಿ, ಹಡಗಿನ ನಡುಭಾಗದ ಎರಡೂ ಪಕ್ಕಗಳಲ್ಲಿರುವ 300 ಮಿಲಿಮೀಟರ್ ವ್ಯಾಸದ ಉಂಗುರವನ್ನೂ ಅದರ ನಡುವೆ ಹಾದುಹೋಗುವ, ಭಾರಕ್ಕೆ ಹಡಗು ನೀರಿನಲ್ಲಿ ಎಷ್ಟರವರೆಗೆ ಇಳಿಯಬಹುದೆಂಬ ಮಿತಿ ತೋರಿಸುವ ಗೆರೆಯನ್ನೂ ನಾನು ಸಾವಿರಾರು ಸಲ ನೋಡಿದ್ದೇನೆ. ಬ್ರಿಟಿಷ್ ಸಂಸದ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಅವರ ಹೋರಾಟದಿಂದ 1876ರಲ್ಲಿ ಬ್ರಿಟನ್ನಿನಲ್ಲಿ ಕಡ್ಡಾಯವಾದ ಈ ಗುರುತು ಇಂದು 1966ರ ಅಂತರರಾಷ್ಟ್ರೀಯ ಲೋಡ್ ಲೈನ್ ಒಪ್ಪಂದಕ್ಕೆ ಒಳಪಟ್ಟಿದೆ. ಆದರೆ ಗೆರೆ ನೀರಿನ ಮೇಲೆ ಕಾಣುತ್ತಿದೆಯೇ ಎಂದು ನೋಡಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಯಾವ ನೀರಿನಲ್ಲಿ ನೋಡುತ್ತಿದ್ದೇವೆ ಎಂಬುದೂ ತಿಳಿದಿರಬೇಕು.

ಒಮ್ಮೆ ನದಿಮುಖದ ಬಂದರಿನಲ್ಲಿ ಧಾನ್ಯ ತುಂಬಿಸುತ್ತಿದ್ದೆವು. ಉಂಗುರದ ನಡುವಿನ ಬೇಸಿಗೆ ಗೆರೆಯವರೆಗೆ ತುಂಬಿದಾಗ ಆ ಹಡಗಿನ ಡಿಸ್‌ಪ್ಲೇಸ್‌ಮೆಂಟ್ (ಸರಕೂ ಸೇರಿ ಹಡಗಿನ ಒಟ್ಟು ತೂಕ) 40,000 ಟನ್. ಒಂದು ಸೆಂಟಿಮೀಟರ್ ಮುಳುಗಲು 40 ಟನ್ ಬೇಕು. ಮೊದಲ ಸಂಖ್ಯೆಯನ್ನು ಎರಡನೆಯದರ ನಾಲ್ಕರಷ್ಟರಿಂದ ಭಾಗಿಸಿದರೆ ಸಿಹಿನೀರಿನ ರಿಯಾಯಿತಿ 250 ಮಿಲಿಮೀಟರ್ ಬರುತ್ತದೆ. ಅಂದರೆ ಘನ ಮೀಟರಿಗೆ 1000 ಕಿಲೋಗ್ರಾಂ ಸಾಂದ್ರತೆಯ ಸಿಹಿನೀರಿನಲ್ಲಿ ಗೆರೆ ಅಷ್ಟು ಮುಳುಗಿದ್ದರೂ, 1025 ಸಾಂದ್ರತೆಯ ಸಮುದ್ರವನ್ನು ಸೇರಿದಾಗ ಹಡಗು ಮೇಲೆದ್ದು ಗೆರೆಗೆ ಸರಿಯಾಗಿ ನಿಲ್ಲುತ್ತದೆ. ನಡುವಿನ ಸಾಂದ್ರತೆಗೆ ಅದೇ ಅನುಪಾತದಲ್ಲಿ ರಿಯಾಯಿತಿ ಕಡಿಮೆಯಾಗುತ್ತದೆ.

ಹಿಂದಿನ ರಾತ್ರಿ ಜೋರಾಗಿ ಮಳೆ ಸುರಿದಿತ್ತು. ಬೆಳಿಗ್ಗೆ ಬಕೆಟ್ಟಿನಲ್ಲಿ ಮೇಲಿನ ನೀರನ್ನಷ್ಟೇ ಎತ್ತಿ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಬಿಟ್ಟಾಗ ಅದು 1006 ತೋರಿಸಿತು. ಅದರಂತೆ ಗೆರೆಯನ್ನು 190 ಮಿಲಿಮೀಟರ್ ಮುಳುಗಿಸಬಹುದೆಂದು ನಾನೇ ಲೆಕ್ಕ ಬರೆದುಕೊಟ್ಟೆ. ಆದರೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಮಧ್ಯಾಹ್ನ ಕಟ್ಟೆಗೆ ಎದುರಿನ ಪಕ್ಕದಿಂದ ಮಾದರಿ ಡಬ್ಬಿಯನ್ನು ಮೂರು ಆಳಗಳಿಗೆ ಇಳಿಸಿ ನೀರು ತೆಗೆಸಿದೆ. ಸರಾಸರಿ 1016 ಬಂತು. ಹಗುರವಾದ ಮಳೆನೀರು ಉಪ್ಪುನೀರಿನ ಮೇಲೆ ಪದರವಾಗಿ ನಿಂತಿತ್ತು. ನಿಜವಾದ ರಿಯಾಯಿತಿ 90 ಮಿಲಿಮೀಟರ್ ಮಾತ್ರ. ನನ್ನ ಬೆಳಗಿನ ಲೆಕ್ಕವನ್ನೇ ನಂಬಿದ್ದರೆ 400 ಟನ್ ಹೆಚ್ಚು ಹೊತ್ತು ಸಮುದ್ರಕ್ಕೆ ಹೊರಡುತ್ತಿದ್ದೆವು. ಸರಕಿನವರ ಪ್ರತಿನಿಧಿಗೆ ಇದು ರುಚಿಸಲಿಲ್ಲ. ಅವರನ್ನೇ ಕರೆದು, ಅವರ ಎದುರೇ ಮತ್ತೆ ಅಳೆದು ತೋರಿಸಿದೆ. ಕ್ಯಾಪ್ಟನ್ ಸಾಹೇಬರು ಹೊಸ ಲೆಕ್ಕಕ್ಕೆ ಸಹಿ ಹಾಕಿದರು.

ಮಾರ್ಗವು ಚಳಿಗಾಲದ ವಲಯವನ್ನು (ಇನ್ನೂ ಕಡಿಮೆ ಭಾರದ ಮಿತಿ ಅನ್ವಯಿಸುವ ಸಮುದ್ರ ಪ್ರದೇಶವನ್ನು) ಹಾದುಹೋಗುವುದಾದರೆ ನಾನು ಲೆಕ್ಕವನ್ನು ಆ ವಲಯದ ಅಂಚಿನಿಂದ ಹಿಂದಕ್ಕೆ ಮಾಡುತ್ತೇನೆ. ಚಳಿಗಾಲದ ಗೆರೆ ಬೇಸಿಗೆ ಡ್ರಾಫ್ಟಿನ, ಅಂದರೆ ಬೇಸಿಗೆ ಗೆರೆಯವರೆಗೆ ಹಡಗು ನೀರಿನಲ್ಲಿ ಇಳಿದಿರುವ ಆಳದ, ನಲವತ್ತೆಂಟನೇ ಒಂದು ಭಾಗದಷ್ಟು ಕೆಳಗಿರುತ್ತದೆ, 9.60 ಮೀಟರ್ ಡ್ರಾಫ್ಟಿಗೆ ಅದು 200 ಮಿಲಿಮೀಟರ್, ಅಂದರೆ ನಮ್ಮ ಹಡಗಿಗೆ 800 ಟನ್. ಅಲ್ಲಿಗೆ ತಲುಪುವಷ್ಟರಲ್ಲಿ ಖರ್ಚಾಗುವ ಇಂಧನ ಮತ್ತು ನೀರಿನ ತೂಕವನ್ನಷ್ಟೇ ಇದರಲ್ಲಿ ಕಳೆಯಬಹುದು.

ಕೊನೆಯ ಕೆಲವು ನೂರು ಟನ್ನುಗಳಿಗೆ ಮುನ್ನ ಕನ್ವೇಯರ್ ನಿಲ್ಲಿಸಿ, ಮುಂದೆ, ನಡುವೆ, ಹಿಂದೆ ಎರಡೂ ಪಕ್ಕಗಳ ಆರು ಡ್ರಾಫ್ಟುಗಳನ್ನು ಓದುತ್ತೇನೆ. ಹಡಗಿನ ನಡುಭಾಗ ಭಾರಕ್ಕೆ 4 ಸೆಂಟಿಮೀಟರ್ ಕೆಳಕ್ಕೆ ಬಾಗಿದ್ದರೂ, ಗುರುತು ಆ ನಡುಭಾಗದಲ್ಲೇ ಇರುವುದರಿಂದ ಅದು ಬೇಗ ನೀರು ಮುಟ್ಟಿ, ಸ್ವಲ್ಪ ಸರಕನ್ನು ಬಿಟ್ಟುಕೊಡಬೇಕಾಗುತ್ತದೆ. ಆದ್ದರಿಂದ ಉಳಿದುದನ್ನು ತುದಿಯ ಹೋಲ್ಡುಗಳಿಗೆ (ಸರಕಿನ ಕೋಣೆಗಳಿಗೆ), ಹಡಗಿನ ಬಲದ ಮಿತಿಯನ್ನು ಲೋಡಿಂಗ್ ಕಂಪ್ಯೂಟರಿನಲ್ಲಿ ಪರೀಕ್ಷಿಸಿದ ಮೇಲಷ್ಟೇ, ಹಂಚಿಸುತ್ತೇನೆ.