ಮಲೆನಾಡಿನ ಮನೆಗೆ ಕಡಿಮೆ ಖರ್ಚಿನ ಸ್ಟೋರೇಜ್ ಸರ್ವರ್: ಬಿಡಿಭಾಗಗಳನ್ನು ಆರಿಸುವ ಬಗೆ

ಮನೆಯವರ ಫೋಟೊ, ಮದುವೆ-ಉಪನಯನಗಳ ವಿಡಿಯೊ, ಊರಿನಲ್ಲಿ ನಡೆದ ಯಕ್ಷಗಾನದ ರೆಕಾರ್ಡಿಂಗ್, ಜಮೀನಿನ ಕಾಗದಪತ್ರಗಳ ಸ್ಕ್ಯಾನ್ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿದ್ದು, ಅದೇ ಪೆಟ್ಟಿಗೆಯಿಂದ ಹಜಾರದ ಟಿವಿಗೂ ಎಲ್ಲರ ಮೊಬೈಲಿಗೂ ಸಿಗುವಂತಿರಬೇಕು ಎಂದು ಬಯಸುವವರಿಗಾಗಿ ಈ ಬರಹ. ಇಂಥ ಸರ್ವರ್ ಕಟ್ಟುವವರಿಗೆ ಸಿಗುವ ಸಲಹೆಗಳು ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಶುರುವಾಗುತ್ತವೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಲ್ಲಿ ಆ ಕ್ರಮವನ್ನು ತಲೆಕೆಳಗು ಮಾಡಿಕೊಳ್ಳುವುದು ಒಳ್ಳೆಯದು. ಇಲ್ಲಿ ಸರ್ವರನ್ನು ಕೆಡಿಸುವುದು ಪ್ರೊಸೆಸರಿನ ನಿಧಾನವಲ್ಲ. ಹೋಗಿ ಬರುವ ಕರೆಂಟು, ಸಿಡಿಲು ಮತ್ತು ಮಳೆಗಾಲದ ತೇವ. ಆದ್ದರಿಂದ ಹಣವನ್ನು ಮೊದಲು ಡಿಸ್ಕಿಗೆ, ಆಮೇಲೆ ಯುಪಿಎಸ್‌ಗೆ ಎತ್ತಿಟ್ಟು, ಉಳಿದದ್ದರಲ್ಲಿ ಕಂಪ್ಯೂಟರ್ ಕೊಳ್ಳಬೇಕು.

ಜಾಗದ ಲೆಕ್ಕ

ಅಂಗಡಿಗೆ ಹೋಗುವ ಮುನ್ನ ಎಷ್ಟು ಜಾಗ ಬೇಕೆಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಒಂದು ಪದರದ ಮದುವೆ ಡಿವಿಡಿಗೆ ಹೆಚ್ಚೆಂದರೆ 4.7 ಜಿಬಿ ಸಾಕು. ಕ್ಯಾಮ್‌ಕಾರ್ಡರ್ ಸೆಕೆಂಡಿಗೆ 24 ಮೆಗಾಬಿಟ್‌ನಂತೆ ರೆಕಾರ್ಡ್ ಮಾಡಿದರೆ ಗಂಟೆಗೆ ಸುಮಾರು 10.8 ಜಿಬಿ ಆಗುತ್ತದೆ; ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನ ಆರಕ್ಕೆ ಮಂಗಳ ಹಾಡುವ ಯಕ್ಷಗಾನದ ಒಂದು ಆಟಕ್ಕೆ 86 ಜಿಬಿ ಬೇಕು. ಹತ್ತಾರು ಆಟಗಳನ್ನು ಕೂಡಿಟ್ಟವರಿಗೆ ಅದೊಂದೇ ಬಾಬತ್ತಿಗೆ ಒಂದು ಟಿಬಿ ಹೋಗುತ್ತದೆ. ಮೊಬೈಲಿನ 4ಕೆ ವಿಡಿಯೊ, ವಿಡಿಯೊವನ್ನು ಕುಗ್ಗಿಸಿಡುವ ಬಗೆಗೆ, ಅಂದರೆ ಕೋಡೆಕ್‌ಗೆ, ತಕ್ಕಂತೆ, ನಿಮಿಷಕ್ಕೆ 170ರಿಂದ 350 ಎಂಬಿವರೆಗೆ ಹಿಡಿಯುತ್ತದೆ. ಈ ಮೊತ್ತವನ್ನು ದುಪ್ಪಟ್ಟು ಮಾಡಿದರೆ ಮುಂದಿನ ನಾಲ್ಕೈದು ವರ್ಷಕ್ಕೆ ಸಾಲುವ ಅಳತೆ ಸಿಗುತ್ತದೆ. ಸಾಧಾರಣ ಕುಟುಂಬಕ್ಕೆ ಅದು 4 ಟಿಬಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. 4 ಟಿಬಿ ಡಿಸ್ಕು ಕಂಪ್ಯೂಟರಿನಲ್ಲಿ 3.63 ಎಂದು ತೋರಿದರೆ ಅಂಗಡಿಯವರೊಡನೆ ಜಗಳಕ್ಕೆ ಹೋಗಬೇಕಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿಯೂ ಕಂಪ್ಯೂಟರ್ 1024ರ ಲೆಕ್ಕದಲ್ಲಿಯೂ ಎಣಿಸುವುದೇ ಅದಕ್ಕೆ ಕಾರಣ.

ಡಿಸ್ಕು: ಖರ್ಚಿನ ದೊಡ್ಡ ಪಾಲು ಇಲ್ಲಿಗೆ

ಹಾರ್ಡ್ ಡಿಸ್ಕಿನಲ್ಲಿ ದತ್ತಾಂಶ ಬರೆಯುವ ಎರಡು ಬಗೆಗಳಿವೆ. ಸಿಎಂಆರ್ ಡಿಸ್ಕಿನಲ್ಲಿ ಪಥಗಳು ಒಂದರ ಪಕ್ಕ ಒಂದು ಬೇರೆಬೇರೆಯಾಗಿ ಇರುತ್ತವೆ. ಎಸ್‌ಎಂಆರ್ ಡಿಸ್ಕಿನಲ್ಲಿ ಅವು ನಮ್ಮ ಮಾಡಿನ ಹೆಂಚುಗಳಂತೆ ಒಂದರ ಅಂಚಿನ ಮೇಲೊಂದು ಕುಳಿತಿರುತ್ತವೆ. ನಡುವಿನ ಒಂದು ಹೆಂಚನ್ನು ಬದಲಿಸಲು ಮೇಲಿನ ಸಾಲನ್ನೂ ಎತ್ತಬೇಕಾದಂತೆ, ಇಲ್ಲಿಯೂ ಒಂದು ಕಡೆ ತಿದ್ದಲು ಪಕ್ಕದ ಪಥಗಳನ್ನು ಮತ್ತೆ ಬರೆಯಬೇಕಾಗುತ್ತದೆ. ಒಮ್ಮೆ ತುಂಬಿಸಿ ಓದುತ್ತಿರುವುದಕ್ಕೆ ಎಸ್‌ಎಂಆರ್ ನಡೆಯುತ್ತದೆ. ಆದರೆ ಒಂದೇ ದತ್ತಾಂಶವನ್ನು ಎರಡು ಡಿಸ್ಕಿನಲ್ಲೂ ಏಕಕಾಲಕ್ಕೆ ಬರೆಯುವ ಮಿರರ್ ಅಥವಾ ಹಲವು ಡಿಸ್ಕುಗಳನ್ನು ಒಟ್ಟಾಗಿ ನಡೆಸುವ ಝಡ್‌ಎಫ್‌ಎಸ್‌ನಂಥ ವ್ಯವಸ್ಥೆಯಲ್ಲಿ ಕೆಟ್ಟ ಡಿಸ್ಕಿನ ಬದಲಿಗೆ ಹೊಸದನ್ನು ಹಾಕಿ ತುಂಬಿಸುವ ಹೊತ್ತಿಗೆ ಅದು ವಿಪರೀತ ನಿಧಾನವಾಗಿ, ಕೆಲವೊಮ್ಮೆ ಆ ಕೆಲಸವೇ ಮುರಿದುಬೀಳುತ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸಾಲಿನ, ಅಂದರೆ ಇಂಥ ಸರ್ವರ್‌ಗೆಂದೇ ಮಾರುವ ಸಾಲಿನ, 2ರಿಂದ 6 ಟಿಬಿವರೆಗಿನ ಕೆಲವು ಮಾದರಿಗಳು ಎಸ್‌ಎಂಆರ್ ಎಂಬುದು ಬಯಲಾಯಿತು. ಆಮೇಲೆ ಸಿಎಂಆರ್ ಡಿಸ್ಕುಗಳಿಗೆ ರೆಡ್ ಪ್ಲಸ್ ಎಂಬ ಬೇರೆ ಹೆಸರು ಬಂತು. ಆದ್ದರಿಂದ ರೆಡ್ ಪ್ಲಸ್ ಅಥವಾ ಸೀಗೇಟ್ ಐರನ್‌ವುಲ್ಫ್ ಕೇಳಬೇಕು. ಸೀಗೇಟ್‌ನ ಅಗ್ಗದ ಬಾರಕೂಡ ಸಾಲಿನಲ್ಲಿ 4 ಮತ್ತು 8 ಟಿಬಿಯ ಸಾಮಾನ್ಯ ಮಾದರಿಗಳು ಎಸ್‌ಎಂಆರ್ ಆಗಿವೆ. ಸಾಲಿನ ಹೆಸರಷ್ಟೇ ಸಾಲದು. ಲೇಬಲ್ಲಿನ ಪೂರ್ತಿ ಮಾದರಿ ಸಂಖ್ಯೆಯನ್ನು ತಯಾರಕರ ವಿವರಪಟ್ಟಿಯೊಡನೆ ಹೋಲಿಸಿ ನೋಡಿದ ಮೇಲೆಯೇ ಹಣ ಕೊಡುವುದು ಕ್ಷೇಮ.

ಶಿವಮೊಗ್ಗದ ಅಂಗಡಿಗಳಲ್ಲಿ ಸರ್ವರ್ ಡಿಸ್ಕು ಕೇಳಿದರೆ ತರಿಸಿಕೊಡುತ್ತೇವೆ ಎನ್ನುವವರೂ ಸಿಸಿಟಿವಿ ಡಿಸ್ಕನ್ನು ಕೂಡಲೇ ಎತ್ತಿ ಕೊಡುತ್ತಾರೆ. ಅಡಿಕೆ ಒಣಗಿಸುವ ಅಂಗಳಕ್ಕೆಲ್ಲ ಕ್ಯಾಮೆರಾ ಹಾಕಿಸುವ ಕಾಲದಲ್ಲಿ ಆ ಡಿಸ್ಕಿಗೆ ಬೇಡಿಕೆ ಹೆಚ್ಚು. ಹಗಲಿರುಳು ಓಡುವಂತೆ ತಯಾರಾದ ಈ ಡಿಸ್ಕನ್ನು ಸಿನಿಮಾ, ಯಕ್ಷಗಾನದಂಥ ದೊಡ್ಡ ಫೈಲುಗಳಿಗೆ ಬಳಸಲು ಅಡ್ಡಿಯಿಲ್ಲ, ಆದರೆ ಮಾದರಿ ಸಂಖ್ಯೆಯ ಪರೀಕ್ಷೆ ಇಲ್ಲಿಯೂ ತಪ್ಪದು. ಹತ್ತಿರದ ಅಂಗಡಿಯಲ್ಲಿ ನಾಲ್ಕು ಕಾಸು ಹೆಚ್ಚಾದರೂ ಕೊಳ್ಳುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಘಾಟಿ ರಸ್ತೆಯಲ್ಲಿ ಕೊರಿಯರ್ ಮೂಟೆಯೊಳಗೆ ಎತ್ತಿಹಾಕಿಸಿಕೊಂಡು ಬಂದ ಡಿಸ್ಕಿಗಿಂತ, ಕೈಯಲ್ಲಿ ಹಿಡಿದು ತಂದ ಡಿಸ್ಕಿನ ಮೇಲೆ ನಂಬಿಕೆ ಹೆಚ್ಚು.

ಎಷ್ಟು ಡಿಸ್ಕು ಎಂಬ ಪ್ರಶ್ನೆಗೆ ಉತ್ತರ: ಸಣ್ಣವು ನಾಲ್ಕಕ್ಕಿಂತ ದೊಡ್ಡವು ಎರಡು ಮೇಲು. ಒಂದೊಂದು 3.5 ಅಂಗುಲದ ಡಿಸ್ಕೂ ತಿರುಗುತ್ತಿರುವಾಗ 5ರಿಂದ 8 ವ್ಯಾಟ್ ಬಳಸುತ್ತದೆ, ಬಿಸಿಯಾಗುತ್ತದೆ, ಕೆಡುವ ಸಾಧ್ಯತೆಯನ್ನೂ ಹೆಚ್ಚಿಸುತ್ತದೆ. ಎರಡನ್ನೂ ಮಿರರ್ ಮಾಡಿ ನಿಶ್ಚಿಂತೆಯಿಂದ ಇರಬಹುದೆಂಬ ನಂಬಿಕೆ ವ್ಯಾಪಕವಾಗಿದೆ. ನಾನು ಅದನ್ನು ಒಪ್ಪುವುದಿಲ್ಲ. ಮಿರರ್ ಇರುವುದು ಒಂದು ಡಿಸ್ಕು ಸತ್ತರೂ ಕೆಲಸ ನಿಲ್ಲದಿರಲೆಂದು. ಬ್ಯಾಂಕಿಗೆ ಅದು ಬೇಕು. ಮನೆಯಲ್ಲಿ ಎರಡು ದಿನ ಸಿನಿಮಾ ನಿಂತರೆ ಯಾರೂ ಉಪವಾಸ ಬೀಳುವುದಿಲ್ಲ. ಮಗು ತಪ್ಪಿ ಅಳಿಸಿದ ಫೋಟೊ ಮಿರರ್‌ನ ಎರಡೂ ಕಡೆ ಅದೇ ಕ್ಷಣ ಅಳಿದುಹೋಗುತ್ತದೆ, ಸಿಡಿಲು ಹೊಡೆದರೆ ಎರಡೂ ಒಟ್ಟಿಗೆ ಹೋಗುತ್ತವೆ. ಅದರ ಬದಲು ಒಂದನ್ನು ಸರ್ವರಿನೊಳಗಿಟ್ಟು, ಇನ್ನೊಂದನ್ನು ಯುಎಸ್‌ಬಿ ಪೆಟ್ಟಿಗೆಯಲ್ಲಿ ಹಾಕಿ, ವಾರಕ್ಕೊಮ್ಮೆ ಜೋಡಿಸಿ ಪ್ರತಿ ತೆಗೆದು, ಮತ್ತೆ ಬಿಚ್ಚಿ ಕಪಾಟಿನಲ್ಲಿಡುವುದು ಸೂಕ್ತ. ಫೋಟೊ ಮತ್ತು ಕಾಗದಪತ್ರಗಳ ಮೂರನೆಯ ಪ್ರತಿಯೊಂದು ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಇರುವ ತಂಗಿಯ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು.

ತಂದ ಡಿಸ್ಕಿಗೆ ಮೊದಲ ದಿನವೇ ಡಿಸ್ಕು ತನ್ನ ಆರೋಗ್ಯವನ್ನು ತಾನೇ ನೋಡಿಕೊಳ್ಳುವ ಸ್ಮಾರ್ಟ್ ವ್ಯವಸ್ಥೆಯ ದೀರ್ಘ ಪರೀಕ್ಷೆ ನಡೆಸಬೇಕು. 4 ಟಿಬಿಗೆ ಅದು ಹಲವು ಗಂಟೆ ಹಿಡಿಯುತ್ತದೆ. ವರದಿಯಲ್ಲಿ 5, 197 ಮತ್ತು 198ನೆಯ ಸಾಲುಗಳ, ಅಂದರೆ ಡಿಸ್ಕಿನ ಕೆಟ್ಟ ಹಾಗೂ ಅನುಮಾನದ ಜಾಗಗಳ ಲೆಕ್ಕದ, ಮೂಲಸಂಖ್ಯೆ (ರಾ ವ್ಯಾಲ್ಯೂ) ಸೊನ್ನೆ ಇರಬೇಕು. ಹೊಸದೆಂದು ಕೊಟ್ಟ ಡಿಸ್ಕಿನ 9ನೆಯ ಸಾಲು, ಅಂದರೆ ಓಡಿದ ಗಂಟೆಗಳ ಲೆಕ್ಕ, ಸಾವಿರಗಳಲ್ಲಿದ್ದರೆ ಅದನ್ನು ಮರಳಿಸಬೇಕು. 199ನೆಯದು, ಅಂದರೆ ದತ್ತಾಂಶ ಸಾಗುವಾಗ ಆದ ದೋಷಗಳ ಲೆಕ್ಕ, ಏರುತ್ತಿದ್ದರೆ ತಪ್ಪು ಸಾಮಾನ್ಯವಾಗಿ ಕೇಬಲ್ಲಿನದು.

ಕರೆಂಟು, ಯುಪಿಎಸ್, ಸಿಡಿಲು

1964ರಲ್ಲಿ ಕಟ್ಟಿ ಮುಗಿದ ಲಿಂಗನಮಕ್ಕಿಯ ನೀರಿನಿಂದ ನಾಡಿಗೆಲ್ಲ ಬೆಳಕು ಹರಿದರೂ, ಪುಷ್ಯ ಮಳೆಯ ಗಾಳಿಗೆ ತಂತಿಯ ಮೇಲೆ ಮರ ಬಿದ್ದ ದಿನ ಅದರ ಆಸುಪಾಸಿನ ಊರುಗಳೇ ಕತ್ತಲಲ್ಲಿರುತ್ತವೆ. ಬರೆಯುವ ಹೊತ್ತಿನಲ್ಲಿ ಕರೆಂಟು ಹೋದರೆ ಫೈಲ್ ವ್ಯವಸ್ಥೆ ಕೆಡುವ ಸಂಭವವಿದೆ. ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ ಎಂದು ಸುಮ್ಮನಾಗುವಂತಿಲ್ಲ. ಕಂಪ್ಯೂಟರಿನ ಪವರ್ ಸಪ್ಲೈ ಪೂರ್ಣ ಹೊರೆಯಲ್ಲಿ ಸುಮಾರು 16 ಮಿಲಿಸೆಕೆಂಡಿನ ಅಂತರವನ್ನು ತಡೆದುಕೊಳ್ಳುವಂತೆ ತಯಾರಾಗಿರುತ್ತದೆ. ಇನ್ವರ್ಟರ್ ಸಾಮಾನ್ಯ ಮೋಡಿನಲ್ಲಿ ಬ್ಯಾಟರಿಗೆ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳಬಹುದು. ಯುಪಿಎಸ್ ಮೋಡಿಗೆ ಹಾಕಿದರೆ ಬದಲಾವಣೆ ಬೇಗ ಆಗುತ್ತದೆ, ಆದರೆ ಆ ಮೋಡು ಸುಮಾರು 180 ವೋಲ್ಟಿಗಿಂತ ಕೆಳಗಿನ ಕರೆಂಟನ್ನು ಒಪ್ಪುವುದಿಲ್ಲ. ಬೇಸಿಗೆಯಲ್ಲಿ ತೋಟದ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡುವಾಗ ವೋಲ್ಟೇಜ್ ಅದಕ್ಕಿಂತಲೂ ಇಳಿಯುವ ಮನೆಗಳಲ್ಲಿ, ಕರೆಂಟಿದ್ದೂ ಬ್ಯಾಟರಿ ಖಾಲಿಯಾಗುತ್ತಾ ಹೋಗುತ್ತದೆ.

ಇದಕ್ಕೆ ಪರಿಹಾರ, ವೋಲ್ಟೇಜನ್ನು ತಾನೇ ಸರಿಪಡಿಸಿಕೊಳ್ಳುವ ಲೈನ್ ಇಂಟರ‍್ಯಾಕ್ಟಿವ್ ಬಗೆಯ 600 ವಿಎ ಯುಪಿಎಸ್ ಒಂದನ್ನು ಸರ್ವರಿಗೂ ರೌಟರಿಗೂ ಸೇರಿಸಿ ಇಡುವುದು. ಅದರಲ್ಲಿ ಸಾಮಾನ್ಯವಾಗಿರುವ 12 ವೋಲ್ಟ್, 7 ಎಎಚ್ ಬ್ಯಾಟರಿಯ ಶಕ್ತಿ 84 ವ್ಯಾಟ್-ಗಂಟೆ. 50 ವ್ಯಾಟಿನ ಹೊರೆಗೆ ಕಾಗದದ ಮೇಲೆ ಒಂದೂವರೆ ಗಂಟೆಗೂ ಹೆಚ್ಚು ಬರುವುದು ನಿಜದಲ್ಲಿ ಅರ್ಧ-ಮುಕ್ಕಾಲು ಗಂಟೆಗೆ ಇಳಿಯುತ್ತದೆ. ಅಷ್ಟು ಸಾಕು. ಕೊಳ್ಳುವಾಗ ನೋಡಲೇಬೇಕಾದದ್ದು ಹಿಂಬದಿಯ ಯುಎಸ್‌ಬಿ ಕಿಂಡಿ. ಅದಿಲ್ಲದ ಅಗ್ಗದ ಮಾದರಿಗಳು ಬ್ಯಾಟರಿ ಮುಗಿಯುತ್ತಿದೆ ಎಂದು ಸರ್ವರಿಗೆ ಹೇಳಲಾರವು, ಸರ್ವರ್ ತಾನಾಗಿ ಮುಚ್ಚಿಕೊಳ್ಳಲಾರದು. ಒರಟು ಅಲೆಯ ಕರೆಂಟು ಕೊಡುವ ಸ್ಕ್ವೇರ್ ವೇವ್ ಇನ್ವರ್ಟರ್ ಇರುವ ಮನೆಯಲ್ಲಿ ಕೆಲವು ಯುಪಿಎಸ್‌ಗಳು ಆ ಕರೆಂಟನ್ನು ಕರೆಂಟೆಂದೇ ಒಪ್ಪದೆ ಕಿರುಚುತ್ತಲೇ ಇರುತ್ತವೆ. ಆದ್ದರಿಂದ ಮರಳಿಸುವ ಮಾತನ್ನು ಅಂಗಡಿಯಲ್ಲಿ ಮೊದಲೇ ಆಡಿಕೊಂಡಿರಬೇಕು.

ಭರಣಿ, ಕೃತ್ತಿಕೆಯ ಸಿಡಿಲು ಮತ್ತು ಹಸ್ತ, ಚಿತ್ತೆಯ ಗುಡುಗಿನ ಕಾಲದಲ್ಲಿ ಯುಪಿಎಸ್ ರಕ್ಷಣೆಯಲ್ಲ. ಪ್ಲಗ್ಗು ಕೀಳುವುದೊಂದೇ ದಾರಿ. ಸಿಡಿಲಿನ ಹೊಡೆತ ಲ್ಯಾನ್ ಕೇಬಲ್ಲಿನಿಂದಲೂ ಬರುತ್ತದೆ. ನಾನೊಮ್ಮೆ ಪ್ಲಗ್ಗು ಕಿತ್ತು, ಕೊಟ್ಟಿಗೆಯ ಕ್ಯಾಮೆರಾದಿಂದ ಬಂದ ಲ್ಯಾನ್ ತಂತಿಯನ್ನು ಮರೆತು, ಮದರ್‌ಬೋರ್ಡಿನ ನೆಟ್‌ವರ್ಕ್ ಕಿಂಡಿಯನ್ನು ಕಳೆದುಕೊಂಡಿದ್ದೇನೆ. ಮನೆಯಿಂದ ಹೊರಗೆ ಹೋಗುವ ಯಾವ ತಾಮ್ರದ ತಂತಿಯೂ ಸರ್ವರಿಗೆ ನೇರವಾಗಿ ಸೇರದಂತೆ ನಡುವೆ ಅಗ್ಗದ ಸ್ವಿಚ್ ಒಂದನ್ನು ಇಟ್ಟರೆ ಸಣ್ಣ ಹೊಡೆತಕ್ಕೆ ಹೋಗುವುದು ಹೆಚ್ಚಾಗಿ ಆ ಸ್ವಿಚ್ಚೇ. ಅರ್ಥಿಂಗ್ ಸರಿಯಿದೆಯೇ ಎಂಬುದನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸುವ ಖರ್ಚನ್ನು ಸರ್ವರಿನ ಖರ್ಚಿನಲ್ಲೇ ಸೇರಿಸಿಕೊಳ್ಳಬೇಕು.

ಬಿಲ್ಲಿನ ವಿಚಾರ: ಸದಾ 25 ವ್ಯಾಟ್ ಬಳಸುವ ಸರ್ವರ್ ತಿಂಗಳಿಗೆ 18 ಯೂನಿಟ್ ಉರಿಸುತ್ತದೆ, 60 ವ್ಯಾಟಿನ ಹಳೆಯ ಯಂತ್ರ 43 ಯೂನಿಟ್. ಗೃಹಜ್ಯೋತಿಯಲ್ಲಿ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲನ್ನು ನಾವೇ ಕಟ್ಟಬೇಕಾಗುವುದರಿಂದ, ಈಗಾಗಲೇ ಮಿತಿಯ ಅಂಚಿನಲ್ಲಿರುವ ಮನೆಗೆ ಈ ವ್ಯತ್ಯಾಸ ಸಣ್ಣದಲ್ಲ.

ಕಂಪ್ಯೂಟರ್

ಕಚೇರಿಗಳು ಬಳಸಿ ಬಿಟ್ಟ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಯಂತ್ರಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ನೋಡಬೇಕಾದದ್ದು ಒಳಗಿನ ಇಂಟೆಲ್ ಪ್ರೊಸೆಸರಿನ ಪೀಳಿಗೆಯನ್ನು. ಟಿವಿಗೆ ಒಗ್ಗದ ವಿಡಿಯೊವನ್ನು ಸರ್ವರ್ ಆಗಿಂದಾಗಲೇ ಬೇರೆ ರೂಪಕ್ಕೆ ತಿರುಗಿಸುವ ಕೆಲಸವನ್ನು ಪ್ರೊಸೆಸರಿನೊಳಗಿನ ಕ್ವಿಕ್ ಸಿಂಕ್ ಮಾಡುತ್ತದೆ. ಎಚ್‌ಇವಿಸಿ ಎಂಬ ಕೋಡೆಕ್‌ನ 10 ಬಿಟ್ ವಿಡಿಯೊವನ್ನು ಅದು ಸಂಪೂರ್ಣವಾಗಿ ನಿಭಾಯಿಸತೊಡಗಿದ್ದು 7ನೆಯ ಪೀಳಿಗೆಯಿಂದ. ಆದ್ದರಿಂದ 6ನೆಯ ಪೀಳಿಗೆಯ ಯಂತ್ರ ಎಷ್ಟೇ ಅಗ್ಗವಾಗಿ ಸಿಕ್ಕರೂ ಬಿಡುವುದು ಲೇಸು. 8ನೆಯ ಪೀಳಿಗೆಯ ಐ3-8100 ನಾಲ್ಕು ಕೋರಿನದು, ಐ5-8500 ಆರು ಕೋರಿನದು. ಮನೆಗೆ ಮೊದಲನೆಯದೇ ಧಾರಾಳ. ಹೆಸರಿನ ಕೊನೆಯಲ್ಲಿ ಎಫ್ ಇರುವ ಪ್ರೊಸೆಸರುಗಳಲ್ಲಿ ಗ್ರಾಫಿಕ್ಸೇ ಇಲ್ಲದ್ದರಿಂದ ಕ್ವಿಕ್ ಸಿಂಕ್ ಕೂಡ ಇರುವುದಿಲ್ಲ. ಸರ್ವರಿನ ವಿಡಿಯೊಗಳನ್ನು ಟಿವಿಗೂ ಮೊಬೈಲಿಗೂ ತಲುಪಿಸುವ ತಂತ್ರಾಂಶಗಳಲ್ಲಿ ಜೆಲ್ಲಿಫಿನ್ ಈ ಸೌಲಭ್ಯವನ್ನು ಉಚಿತವಾಗಿ ಬಳಸಿಕೊಳ್ಳುತ್ತದೆ, ಪ್ಲೆಕ್ಸ್‌ನಲ್ಲಿ ಅದಕ್ಕೆ ಚಂದಾ ಬೇಕು.

ಕ್ಯಾಬಿನೆಟ್ಟಿನ ಅಳತೆಯಲ್ಲಿ ಎಡವುವವರೇ ಹೆಚ್ಚು. ಚೆಂದ ಕಂಡಿತೆಂದು ನಾನು ಮೊದಲು ತಂದ ತೆಳು ಯಂತ್ರದಲ್ಲಿ 3.5 ಅಂಗುಲದ ಡಿಸ್ಕಿಗೆ ಒಂದೇ ಜಾಗವಿತ್ತು. ಎರಡನೆಯದನ್ನು ರಟ್ಟಿನ ಮೇಲೆ ಹೊರಗಿಟ್ಟು ಒಂದು ಮಳೆಗಾಲ ಕಳೆದೆ. ಟವರ್ ಮಾದರಿಯನ್ನೇ ಕೇಳಿ, ಬದಿ ಬಿಚ್ಚಿಸಿ, ಡಿಸ್ಕಿನ ಗೂಡುಗಳನ್ನೂ ಡಿಸ್ಕಿನ ಕೇಬಲ್ ಸೇರುವ ಸಾಟಾ ಕಿಂಡಿಗಳನ್ನೂ ಎಣಿಸಬೇಕು. ಈ ಕಂಪನಿ ಯಂತ್ರಗಳ ಪವರ್ ಸಪ್ಲೈಗಳಿಗೆ ಅವುಗಳದೇ ಆಕಾರದ ಕನೆಕ್ಟರ್ ಇರುವುದರಿಂದ ಕೆಟ್ಟರೆ ಅಂಗಡಿಯ ಸಾಮಾನ್ಯ ಸಪ್ಲೈ ಹೊಂದುವುದಿಲ್ಲವೆಂಬುದೂ ನೆನಪಿರಲಿ. ಡಿಸ್ಕಿಗೆ ಕರೆಂಟು ಕವಲೊಡೆಸುವ ಕೇಬಲ್ ಬೇಕಾದರೆ, ಇಡಿಯಾಗಿ ಪ್ಲಾಸ್ಟಿಕ್ ಎರಕ ಹೊಯ್ದ ತಲೆಯುಳ್ಳದ್ದನ್ನು ಬಿಟ್ಟು, ತಂತಿಗಳನ್ನು ಒಂದೊಂದಾಗಿ ಒತ್ತಿ ಕೂರಿಸಿದ್ದನ್ನು ತರಬೇಕು. ಮೊದಲ ಬಗೆಯದು ಒಳಗೇ ಕರಗಿ ಹೊತ್ತಿಕೊಂಡ ಉದಾಹರಣೆಗಳಿವೆ.

ಹೊಸತೇ ಬೇಕೆನ್ನುವವರಿಗೆ 2023ರಲ್ಲಿ ಬಂದ ಇಂಟೆಲ್ ಎನ್100 ಬೋರ್ಡುಗಳಿವೆ. ನಾಲ್ಕು ಕೋರು, 6 ವ್ಯಾಟಿನ ವಿನ್ಯಾಸ, ಎವಿ1 ಎಂಬ ಹೊಸ ಕೋಡೆಕ್‌ನ ವಿಡಿಯೊ ಬಿಡಿಸುವ ಶಕ್ತಿ. ಕರೆಂಟಿನ ಲೆಕ್ಕದಲ್ಲಿ ಇದಕ್ಕೆ ಸಾಟಿಯಿಲ್ಲ. ಅಂಗೈಯಗಲದ ಕಂಪ್ಯೂಟರಾದ ರಾಸ್ಪ್‌ಬೆರಿ ಪೈ 5ರಲ್ಲಿ ವಿಡಿಯೊ ಎನ್‌ಕೋಡ್ ಮಾಡುವ, ಅಂದರೆ ಬೇರೆ ರೂಪಕ್ಕೆ ತಿರುಗಿಸಿ ಬರೆಯುವ, ಹಾರ್ಡ್‌ವೇರೇ ಇಲ್ಲದ್ದರಿಂದ ಅದು ಈ ಕೆಲಸಕ್ಕಲ್ಲ.

ರ‍್ಯಾಮ್ 8 ಜಿಬಿ ಸಾಕು. ಓಎಸ್‌ಗೆ 128 ಅಥವಾ 256 ಜಿಬಿಯ ಎಸ್‌ಎಸ್‌ಡಿ ಇರಲಿ. ನೆಟ್‌ವರ್ಕ್ ಗಿಗಾಬಿಟ್ ಇದ್ದರೆ ಸೆಕೆಂಡಿಗೆ 110 ಎಂಬಿ ಆಸುಪಾಸು ನಡೆಯುತ್ತದೆ. ಎಂಟರಲ್ಲಿ ನಾಲ್ಕೇ ತಂತಿ ಜೋಡಿಸಿದ ಹಳೆಯ ಕೇಬಲ್ಲಿನಲ್ಲಿ ಅದು 12ಕ್ಕೆ ಇಳಿಯುತ್ತದೆ.

ಎಲ್ಲಿ ಇಡುವುದು

ಬಚ್ಚಲ ಒಲೆಯ ಹೊಗೆ ತಾಗುವ ಅಟ್ಟ, ಅಡಿಕೆ ಸುಲಿಯುವ ಯಂತ್ರದ ಧೂಳು ಬರುವ ಜಗುಲಿ, ಮಳೆಗೆ ಬೆವರುವ ಗೋಡೆ ಈ ಮೂರೂ ಬೇಡ. ನೆಲದಿಂದ ಎರಡಡಿ ಮೇಲೆ, ಗೋಡೆಯಿಂದ ಗೇಣು ದೂರದಲ್ಲಿ ಇಡಬೇಕು. ಮಳೆಗಾಲದಲ್ಲಿ ಯಂತ್ರವನ್ನು ದಿನಗಟ್ಟಲೆ ಆರಿಸಿಡುವುದಕ್ಕಿಂತ ಓಡುತ್ತಲೇ ಇರಿಸುವುದು ಒಳ್ಳೆಯದು, ಏಕೆಂದರೆ ಸುತ್ತಲಿನ ಗಾಳಿಗಿಂತ ತುಸು ಬೆಚ್ಚಗಿರುವ ಬೋರ್ಡಿನ ಮೇಲೆ ತೇವ ಕೂರುವುದಿಲ್ಲ. ಅದೇ ಬಿಸುಪಿಗೆ ಹಲ್ಲಿ, ಇರುವೆಗಳೂ ಬರುತ್ತವಾದ್ದರಿಂದ ಗಾಳಿಕಿಂಡಿಗಳಿಗೆ ಸೊಳ್ಳೆ ಪರದೆಯಂಥ ಸಣ್ಣ ಜಾಲರಿ ಅಂಟಿಸಿ, ತಿಂಗಳಿಗೊಮ್ಮೆ ಅದರ ಧೂಳು ಕೊಡವಬೇಕು.

ಎಲ್ಲ ಜೋಡಿಸಿದ ಮೇಲೆ, ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ನಲ್ಲಿ, ಕರೆಂಟು ಬಂದೊಡನೆ ತಾನೇ ಶುರುವಾಗುವ ಆಯ್ಕೆಯನ್ನು ಹಾಕಿ, ದತ್ತಾಂಶ ತುಂಬುವ ಮೊದಲೇ ಒಂದು ಭಾನುವಾರ ಯುಪಿಎಸ್‌ನ ಪ್ಲಗ್ಗು ಕಿತ್ತು ಗಡಿಯಾರ ನೋಡುತ್ತ ಕೂರಬೇಕು. ಬ್ಯಾಟರಿ ಮುಗಿಯುವ ಮುನ್ನ ಸರ್ವರ್ ತಾನಾಗಿ ಮುಚ್ಚಿಕೊಂಡು, ಪ್ಲಗ್ಗು ಹಾಕಿದ ಕೆಲವು ನಿಮಿಷದಲ್ಲಿ ಟಿವಿಯಲ್ಲಿ ಮತ್ತೆ ಕಾಣಿಸಿಕೊಂಡರೆ ಫೈಲುಗಳನ್ನು ತುಂಬಲು ಶುರುಮಾಡಬಹುದು.