ಚಿಕ್ಕಬಳ್ಳಾಪುರದ 2 ಕಿಲೋಮೀಟರ್ ಲೆಕ್ಕ: ಜಮೀನು ಮಾರಿದ ನನ್ನ ಅನುಭವ

ಕಳೆದ ವರ್ಷದ ಕೊನೆಗೆ ಶಿಡ್ಲಘಟ್ಟ ರಸ್ತೆ ಕಡೆಯ ಎರಡು ಎಕರೆ ಮಾರಿದೆ. ಪೂರ್ತಿ ವೈಟ್. ಲಾಭದ ಮೇಲೆ ಕಟ್ಟಿದ ತೆರಿಗೆ ಸೊನ್ನೆ. ಇದು ಆಗೋ ಕೆಲಸ ಅಲ್ಲ ಅಂತ ಊರಿನ ಬ್ರೋಕರ್‌ಗಳೂ ನನ್ನ ಹಳೇ ಆಡಿಟರೂ ಮೊದಲಿನಿಂದ ಹೇಳಿಕೊಂಡು ಬಂದಿದ್ದರು. ಈಗ ಅವರೇ ಫೋನ್ ಮಾಡಿ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳೋ ಬದಲು ಬರೆದುಬಿಡುತ್ತೇನೆ.

ನಾನು ರೈತನಲ್ಲ, ಹಾರ್ಡ್‌ವೇರ್ ಅಂಗಡಿಯವನು. ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ಇದ್ದಾಗ ಕೃಷಿ ಜಮೀನು ನನ್ನ ಹೆಸರಿಗೆ ಬರುವ ಮಾತೇ ಇರಲಿಲ್ಲ. 2020ರ ತಿದ್ದುಪಡಿಯಲ್ಲಿ ಅವು ಹೋದವು. ಮರುವರ್ಷ ಎಕರೆಗೆ ಸುಮಾರು 35 ಲಕ್ಷದ ಹಾಗೆ ಕೊಂಡೆ. ಸ್ಟ್ಯಾಂಪು, ಸೆಸ್ಸು, ನೋಂದಣಿ ಎಲ್ಲ ಸೇರಿ ನಾಲ್ಕೂವರೆ ಲಕ್ಷದ ಮೇಲೆ ಹೋಯಿತು. ನನ್ನ ಜೊತೆ ಕೊಂಡವರು ಕನ್ವರ್ಷನ್ (ಕೃಷಿಯೇತರ ಬಳಕೆಗೆ ಬದಲಾವಣೆ) ಮಾಡಿಸಿ ಸೈಟು ಹಾಕಲು ಓಡಿದರು. ನಾನು ಪಹಣಿ ಹಾಗೇ ಇಟ್ಟುಕೊಂಡು ರಾಗಿ ಹಾಕಿಸಿದೆ. ‘ಏನಣ್ಣ, ಇಷ್ಟು ದುಡ್ಡು ಹಾಕಿ ಮುದ್ದೆಗೆ ರಾಗಿ ಬೆಳೀತೀರಾ?’ ಅಂತ ನಕ್ಕರು.

ಗ್ರಾಮೀಣ ಕೃಷಿ ಜಮೀನಿನ ಲಾಭಕ್ಕೆ ಕ್ಯಾಪಿಟಲ್ ಗೇನ್ಸ್, ಅಂದರೆ ಆಸ್ತಿ ಮಾರಿದ ಲಾಭದ ಮೇಲಿನ ತೆರಿಗೆ, ಬರೋದಿಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಜಗಳ ಇರೋದು ದೂರದಲ್ಲಿ, ಗ್ರಾಮೀಣ ಅನ್ನಿಸಿಕೊಳ್ಳೋಕೆ ಊರಿನ ಗಡಿಯಿಂದ ಎಷ್ಟು ಆಚೆ ಇರಬೇಕು ಅನ್ನೋದರಲ್ಲಿ. ಯಾರನ್ನು ಕೇಳಿದರೂ 8 ಕಿಲೋಮೀಟರ್ ಅಂತಾರೆ. ಅದು 10 ಲಕ್ಷಕ್ಕಿಂತ ಜಾಸ್ತಿ ಜನ ಇರುವ ಊರಿಗೆ. 10 ಸಾವಿರದಿಂದ 1 ಲಕ್ಷದವರೆಗೆ ಬರೀ 2 ಕಿಲೋಮೀಟರ್. 2011ರ ಜನಗಣತಿಯಲ್ಲಿ ಚಿಕ್ಕಬಳ್ಳಾಪುರ ನಗರದ್ದು 63 ಸಾವಿರ ಚಿಲ್ಲರೆ. ನನ್ನ ಜಮೀನು ನಗರಸಭೆ ಗಡಿಯಿಂದ ನೇರ ಗೆರೆ ಎಳೆದರೆ ಮೂರೂವರೆ ಕಿಲೋಮೀಟರ್. ಕೋಲಾರದವರು ಇದನ್ನೇ ನೋಡಿ ಮಾಡೋಕೆ ಹೋಗಬೇಡಿ. ಅಲ್ಲಿ 1 ಲಕ್ಷ 38 ಸಾವಿರ, ಅಂದರೆ 6 ಕಿಲೋಮೀಟರ್. ತುಮಕೂರಿಗೂ ಅಷ್ಟೇ.

ಅಳತೆ ಗಡಿಯಿಂದ, ಅದೂ ಹಕ್ಕಿ ಹಾರುವ ದಾರಿಯಲ್ಲಿ. ಬಸ್‌ಸ್ಟ್ಯಾಂಡಿನಿಂದ ಮೀಟರ್ ನೋಡಿಕೊಂಡು ಬಂದ ಲೆಕ್ಕ ನಡೆಯೋದಿಲ್ಲ. ವಾರ್ಡ್ ನಕ್ಷೆಯ ಕೊನೆಯ ಸರ್ವೆ ನಂಬರಿನಿಂದ ಗೆರೆ ಎಳೆಸಿ ಕಾಗದದಲ್ಲಿ ಬರೆಸಿಕೊಳ್ಳಬೇಕು. ಯಾವ ಕಾಗದ ಮೊದಲು, ಯಾವುದು ಆಮೇಲೆ ಅನ್ನೋದನ್ನು ಇಲ್ಲಿ ಹೇಳೋದಿಲ್ಲ. ಅದಕ್ಕಾಗಿ ತುಂಬಾ ಚಪ್ಪಲಿ ಸವೆಸಿದ್ದೇನೆ.

ದೂರ ಒಂದೇ ಸಾಲದು. ಪಹಣಿಯ ಬೆಳೆ ಕಾಲಂ ಖಾಲಿ ಇದ್ದರೆ ಕೃಷಿ ಜಮೀನು ಅಂತ ಯಾವ ಬಾಯಲ್ಲಿ ಹೇಳ್ತೀರಿ? ಮೊದಲ ವರ್ಷ ನನ್ನದು ಬೀಳು ಅಂತಲೇ ಬಂದಿತ್ತು. ಆಮೇಲೆ ಬೆಳೆ ಸಮೀಕ್ಷೆಯವರು ಬಂದಾಗ ನಾನೇ ಹೊಲದಲ್ಲಿ ನಿಂತು ಫೋಟೋ ತೆಗೆಸಿದೆ. ರಾಗಿಯಲ್ಲಿ ದುಡ್ಡೇನೂ ಹುಟ್ಟಲಿಲ್ಲ. ಒಂದು ಸಲ ಆಸೆಗೆ ಚೆಂಡು ಹೂ ಹಾಕಿಸಿದೆ. ಆಯುಧಪೂಜೆಗೆ ಬರಬೇಕಾದ ಹೂವು ಹಬ್ಬ ಮುಗಿದ ಮೇಲೆ ಬಂತು. 40 ಸಾವಿರ ಮಣ್ಣಿಗೆ ಹೋಯಿತು. ಮತ್ತೆ ರಾಗಿ, ಅವರೆ.

ಇದಕ್ಕೂ ಮುಂಚೆ ಬಾಗೇಪಲ್ಲಿ ಕಡೆ ಒಂದು ವ್ಯವಹಾರ ಕೈ ಕೊಟ್ಟಿತ್ತು. ಇಸಿ (ಋಣಭಾರ ಪತ್ರ) ಕ್ಲೀನ್. ಹಳೇ ಕೈಬರಹದ ಮ್ಯುಟೇಶನ್ (ಹಕ್ಕು ಬದಲಾವಣೆ ದಾಖಲೆ) ತೆಗೆಸಿದರೆ ಅದು ಪರಿಶಿಷ್ಟ ಜಾತಿಯವರಿಗೆ ಗ್ರಾಂಟ್ ಆದ ಜಮೀನು, ಸರ್ಕಾರದ ಅನುಮತಿ ಇಲ್ಲದೆ ಕೈ ಬದಲಾಗಿತ್ತು. ಇಂಥ ಜಮೀನಿನ ಪರಭಾರೆ ತಡೆಯುವ ಪಿಟಿಸಿಎಲ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆದ ಮೇಲೆ ಇಂಥದ್ದಕ್ಕೆ ಕಾಲಮಿತಿಯ ಆಸರೆಯೂ ಇಲ್ಲ. 5 ಲಕ್ಷ ಅಡ್ವಾನ್ಸ್ ಸಿಕ್ಕಿಕೊಂಡಿತು. ಆದರೆ ಕೊಟ್ಟಿದ್ದು ಚೆಕ್ಕಿನಲ್ಲಿ. ‘ಚೆಕ್ ಕೊಟ್ಟರೆ ಯಾವ ರೈತ ಬರ್ತಾನೆ’ ಅಂದಿದ್ದ ಬ್ರೋಕರೇ ಕೊನೆಗೆ ಓಡಾಡಿ ವಾಪಸ್ ಕೊಡಿಸಿದ. ಜಮೀನಿನ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡವರಿಗೆ ಅಷ್ಟೇ ಮೊತ್ತದ ದಂಡ. ಇದು ಗೊತ್ತಿದ್ದೂ ನಮ್ಮವರು ಚೀಲದಲ್ಲೇ ತರುತ್ತಾರೆ.

ನಡುವೆ ಒಂದು ಸೈಟೂ ಮಾರಿದೆ. 2017ರ ಜೂನ್‌ನಲ್ಲಿ 14 ಲಕ್ಷಕ್ಕೆ ಕೊಂಡಿದ್ದು, 2024ರ ಕೊನೆಗೆ 32ಕ್ಕೆ ಹೋಯಿತು. ಆ ವರ್ಷ ಜುಲೈ 23ಕ್ಕೆ ಇಂಡೆಕ್ಸೇಶನ್ (ಹಣದುಬ್ಬರಕ್ಕೆ ತಕ್ಕ ಹಾಗೆ ಕೊಂಡ ಬೆಲೆ ಏರಿಸಿಕೊಳ್ಳೋದು) ಹೋಯಿತು ಅಂತ ಎಲ್ಲರೂ ಗೋಳಾಡುತ್ತಿದ್ದರು. ಹಳೇ ಆಸ್ತಿಗೆ ಎರಡರಲ್ಲಿ ಒಂದು ಆರಿಸಿಕೊಳ್ಳಬಹುದಿತ್ತಲ್ವಾ, ಎರಡನ್ನೂ ಹಾಕಿ ನೋಡಿದೆ. ಇಂಡೆಕ್ಸ್ 272ರಿಂದ 363. ಹಳೇ ಲೆಕ್ಕದಲ್ಲಿ ಶೇ 20ರಂತೆ 2 ಲಕ್ಷ 66 ಸಾವಿರ, ಹೊಸದರಲ್ಲಿ ಶೇ 12.5ರಂತೆ 2 ಲಕ್ಷ 25 ಸಾವಿರ. ಸೆಸ್ ಬೇರೆ. ಬೆಲೆ ಬೇಗ ಏರಿದ ಸೈಟಿಗೆ ಹೊಸದೇ ಲಾಭ, ಸುಮ್ನೆ ಬೈದುಕೊಂಡಿದ್ದು. ಲಾಭ ಹಾಕಿದರೆ ತೆರಿಗೆ ಉಳಿಯುವ 54ಇಸಿ ಬಾಂಡಿಗೆ ಸ್ವಲ್ಪ ಹಾಕಿದೆ. ಐದು ವರ್ಷ ಕೈಗೆ ಸಿಗೋದಿಲ್ಲ, ಬಡ್ಡಿಗೆ ಮತ್ತೆ ತೆರಿಗೆ. ಇನ್ನೊಂದು ಸಲ ಹಾಕೋದಿಲ್ಲ.

ಜಮೀನಿಗೆ ಬರೋಣ. ಎಕರೆಗೆ 60ರ ಹತ್ತಿರ ಮಾತಾಯಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2 ಆಗಿತ್ತು. ಕೊಳ್ಳುವವರಿಗೆ ಒಂದು ಲಕ್ಷ ಚಿಲ್ಲರೆ ಜಾಸ್ತಿ ಹೊರೆ. ‘ಕ್ರಯಪತ್ರದಲ್ಲಿ ಕಮ್ಮಿ ತೋರಿಸೋಣ, ಮಿಕ್ಕಿದ್ದು ಕೈಗೆ’ ಅಂದರು. ನನಗೆ ತೆರಿಗೆಯೇ ಇಲ್ಲದ ಮೇಲೆ ಮುಚ್ಚಿಡೋದು ಯಾಕೆ? ಅರ್ಧ ಹೊರೆ ನಾನೇ ಹೊತ್ತು ಪೂರ್ತಿ ವೈಟ್ ಮಾಡಿಸಿದೆ. ಅವರ ಆಡಿಟರ್ ಶೇ 1 ಟಿಡಿಎಸ್ (ಕೊಡುವ ಹಣದಲ್ಲೇ ಮುರಿದುಕೊಳ್ಳುವ ತೆರಿಗೆ) ಹಿಡೀಬೇಕು ಅಂತ ಹಟ ಹಿಡಿದರು. ದೂರದ ಕಾಗದ, ಜನಗಣತಿ ಅಂಕಿ, ಬೆಳೆ ಇರುವ ಪಹಣಿ ಮೂರನ್ನೂ ಟೇಬಲ್ ಮೇಲೆ ಇಟ್ಟೆ. ಓದಿ ನೋಡಿ ಸುಮ್ಮನಾದರು.

ಒಂದು ಎಚ್ಚರಿಕೆ. ವರ್ಷಕ್ಕೆ ಮೂರು ನಾಲ್ಕು ಜಮೀನು ಕೊಂಡು ಮಾರಿದರೆ ಅದನ್ನು ವ್ಯಾಪಾರ ಅಂತ ಹಿಡಿಯುತ್ತಾರೆ. ಆಗ ಈ ಲೆಕ್ಕ ಯಾವುದೂ ನಿಲ್ಲೋದಿಲ್ಲ. ಇನ್ನೊಂದು, ಹೊಸ ಜನಗಣತಿಗೆ 2027ರ ಮಾರ್ಚ್ 1ನ್ನು ಉಲ್ಲೇಖ ದಿನ ಅಂತ ಗೊತ್ತು ಮಾಡಿದ್ದಾರೆ. ಚಿಕ್ಕಬಳ್ಳಾಪುರ 1 ಲಕ್ಷ ದಾಟಿ ಆ ಅಂಕಿ ಪ್ರಕಟವಾದರೆ ನಮ್ಮ 2 ಕಿಲೋಮೀಟರ್ 6 ಆಗುತ್ತದೆ. ನಡುವಿನ ಪಟ್ಟಿಯಲ್ಲಿ ನನ್ನದು ಇನ್ನೂ ಒಂದೂಕಾಲು ಎಕರೆ ಇದೆ. ಗಿರಾಕಿ ಹುಡುಕುತ್ತಿದ್ದೇನೆ, ಚೆಕ್ಕಿನವರು ಮಾತ್ರ ಬರಲಿ.